ನಡುಮನೆಯ ಫ್ರೆಂಚ್ ದೊಡ್ಡಮನುಷ್ಯರು

ನಮ್ಮಪ್ಪ ಹರಾಜಿಗೆ ಹೋದದ್ದು ಒಂದು ಈಸಿಚೇರಿಗಾಗಿ. ಬಂದದ್ದು ಜಟಕಾದ ತುಂಬ ಫ್ರೆಂಚರನ್ನು ಹೇರಿಕೊಂಡು.

ದಂಡಿನ ಕಡೆ ಯಾವನೋ ದೊರೆ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟಿದ್ದ. ಕುರ್ಚಿ ಬೇಕಾದವರು ಅದರ ಪಕ್ಕ ಒರಗಿಸಿಟ್ಟಿದ್ದ ಪಟಗಳನ್ನೂ ತೆಗೆದುಕೊಳ್ಳಲೇಬೇಕು ಎಂದು ಹರಾಜಿನವನು ಹಟ ಹಿಡಿದನಂತೆ. ಅಪ್ಪ ಮೊದಲು ಮುಖ ಸಿಂಡರಿಸಿಕೊಂಡರಂತೆ. ಆಮೇಲೆ ಕಪ್ಪು ಮರದ ಕಟ್ಟು, ಗಾಜು, ಒಳಗೆ ಕೋಟು ತೊಟ್ಟ ಬಿಳಿಯರು, ಅವರ ಕೆಳಗೆ ಒಂದೊಂದು ಸಾಲು ಫ್ರೆಂಚ್, ಇಷ್ಟನ್ನು ನೋಡಿದ್ದೇ ತಡ, ಕುರ್ಚಿಗಿಂತ ಪಟಗಳನ್ನೇ ಹುಷಾರಾಗಿ ಎತ್ತಿಕೊಂಡು ಬಂದರು.

ಅದಕ್ಕೆ ಕಾರಣ ಇತ್ತು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕು. ಬಳೇಪೇಟೆಯ ವಠಾರ ಬಿಟ್ಟು ರಾಜಾಜಿನಗರದಲ್ಲಿ ಆಗಷ್ಟೇ ಸ್ವಂತ ಮನೆ ಕಟ್ಟಿಸಿದ್ದರು. ಆಗಿನ ರಾಜಾಜಿನಗರವೋ, ಕೆಂಪು ಮಣ್ಣು, ಸುಣ್ಣದ ಗೆರೆ ಎಳೆದ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ, ಮನೆಗಿಂತ ಮುಂಚೆಯೇ ಬಂದು ನಿಂತ ದೀಪದ ಕಂಬ. ನಲ್ಲಿ ಇತ್ತು, ನೀರು ಇರಲಿಲ್ಲ. ಆದರೂ ಸ್ವಂತ ಮನೆ ಸ್ವಂತ ಮನೆಯೇ. ಸ್ವಂತ ಮನೆಯವರ ನಡುಮನೆಯಲ್ಲಿ ಪಟ ಇರಬೇಕು. ಜರಿಪೇಟದ ತಾತ, ಪದಕ ತೊಟ್ಟ ಮುತ್ತಾತ, ಯಾರಾದರೂ ಇರಬೇಕು. ಬಂದ ನೆಂಟರು ಕಾಫಿ ಬರುವ ತನಕ ಗೋಡೆ ನೋಡಿ ಮನೆತನ ಅಳೆಯುತ್ತಿದ್ದ ಕಾಲ ಅದು. ನಮ್ಮ ತಾತನೋ, ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಂಬಿ, ಒಂದೂ ಫೋಟೋ ಇಲ್ಲದೆ, ಆಯುಸ್ಸೂ ಇಲ್ಲದೆ ಹೋದವರು. ಮುತ್ತಾತ ಯಾರೆಂದು ನಮಗೇ ಗೊತ್ತಿರಲಿಲ್ಲ. ಖಾಲಿ ಗೋಡೆ ನೋಡಿ ನೋಡಿ ಅಪ್ಪನಿಗೆ ಮರ್ಯಾದೆ ಹೋಗುತ್ತಿತ್ತು. ಫ್ರೆಂಚರು ಆ ಮರ್ಯಾದೆ ಕಾಪಾಡಿದರು.

ಕೈ ಎತ್ತಿ ಕಣ್ಣೀರು ಸುರಿಸುತ್ತ ನಿಂತ ಕರಿ ಗೌನಿನವನನ್ನು ಅಪ್ಪ ಫ್ರಾನ್ಸಿನ ಮುಖ್ಯ ನ್ಯಾಯಾಧೀಶ ಮಾಡಿದರು. ಮಲಗುವ ಟೋಪಿ ಹಾಕಿಕೊಂಡು, ಹೊಟ್ಟೆ ಮುಂದೆ ಬಿಟ್ಟು, ಮೆಟ್ಟಿಲ ಮೇಲೆ ನಿಂತವನು ಯಾವುದೋ ಸಂಸ್ಥಾನದ ದಿವಾನನಾದ. ಕಾಗದದ ಕಟ್ಟುಗಳ ಹಿಂದೆ ಗಲ್ಲಕ್ಕೆ ಕೈ ಕೊಟ್ಟು ಕಣ್ಣು ಮುಚ್ಚಿ ಕೂತಿದ್ದವನೊಬ್ಬನಿದ್ದ. ಅವನನ್ನು ಅಪ್ಪ ತತ್ತ್ವಜ್ಞಾನಿ ಎಂದು ಸಾರಿ, ತಮ್ಮ ಈಸಿಚೇರಿನ ನೆತ್ತಿಯ ಮೇಲೇ ಮೊಳೆ ಹೊಡೆಸಿದರು. ಬಂದವರಿಗೆಲ್ಲ ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಕೊಡುತ್ತಿದ್ದರು. ಕೇಳಿದವರಿಗೆ, ಪ್ಯಾರಿಸ್ಸಿನಲ್ಲಿ ನಮಗೆ ದಾಯಾದಿಗಳಿದ್ದಾರೇನೋ ಎನ್ನಿಸಬೇಕು, ಹಾಗೆ.

ಅಮ್ಮನಿಗೆ ಅಕ್ಷರ ಬಾರದು. ಶುಕ್ರವಾರ ದೇವರ ಪಟಗಳಿಗೆ ಗಂಧ ಕುಂಕುಮ ಇಟ್ಟುಕೊಂಡು ಬರುವವಳು, ಹಾಗೇ ನಡುಮನೆಗೂ ಬಂದು ಫ್ರೆಂಚರ ಗಾಜಿನ ಮೇಲೂ ಒಂದೊಂದು ಬೊಟ್ಟು ಒತ್ತಿ ಹೋಗುತ್ತಿದ್ದಳು. ಇದೇನಮ್ಮ ಎಂದರೆ, ಗಾಜು ಹಾಕಿಸಿಕೊಂಡು ಗೋಡೆ ಹತ್ತಿ ಕೂತವರು ಸುಮ್ಮನೆ ಕೂತಿರುತ್ತಾರೆಯೇ, ಒಂದು ಬೊಟ್ಟು ಕುಂಕುಮಕ್ಕೆ ನನ್ನ ಗಂಟೇನು ಹೋಗುತ್ತದೆ ಎನ್ನುತ್ತಿದ್ದಳು. ಆಯುಧಪೂಜೆಯ ದಿನವಂತೂ ದಿವಾನರ ಹೊಟ್ಟೆಯ ಮೇಲೆ ಸೇವಂತಿಗೆ ಹಾರ ಬಿದ್ದಿತ್ತು. ನೋಡಲು ಚೆನ್ನಾಗಿಯೇ ಇತ್ತು ಅನ್ನಿ.

ನಾನು ಆಗ ಪೇಟೆಯ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಬೀದಿಯಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ, ಬಸ್ ಸ್ಟಾಪಿನಲ್ಲಿ ನಿಂತರೆ ಮಾಗಡಿ ರಸ್ತೆಯ ಗಾಡಿಯವರೂ ಎತ್ತು ನಿಲ್ಲಿಸಿ ನೋಡುತ್ತಿದ್ದರು. ನಾನು ಫ್ರೆಂಚ್ ತೆಗೆದುಕೊಂಡದ್ದು ವಿದ್ಯೆಯ ಮೇಲಿನ ಮೋಹದಿಂದಲ್ಲ. ಅಪ್ಪನ ಸಾಹೇಬರ ಮಗಳು ಫ್ರೆಂಚ್ ತೆಗೆದುಕೊಂಡಿದ್ದಳು, ಆದ್ದರಿಂದ ಹೆಡ್ ಕ್ಲಾರ್ಕಿನ ಮಗಳೂ ತೆಗೆದುಕೊಳ್ಳಬೇಕಾಯಿತು. ಸಾಹೇಬರ ಮಗಳು ಒಂದೇ ವರ್ಷಕ್ಕೆ ಬಿಟ್ಟಳು. ನಾನು ಬಿಡಲಿಲ್ಲ.

ನಮಗೆ ಫ್ರೆಂಚ್ ಹೇಳಿಕೊಡುತ್ತಿದ್ದವರು ಪಾಂಡಿಚೇರಿಯಿಂದ ಬಂದ ಒಬ್ಬ ಮುದುಕಿ. ಒಂದು ದಿನ ಅವರ ಹತ್ತಿರ ನಮ್ಮ ಮನೆಯ ಪಟಗಳ ವಿಷಯ ಎತ್ತಿದೆ. ನ್ಯಾಯಾಧೀಶ, ದಿವಾನ, ತತ್ತ್ವಜ್ಞಾನಿ ಎಂದು ಒಬ್ಬೊಬ್ಬರನ್ನೇ ಬಣ್ಣಿಸುತ್ತ ಹೋದಂತೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ತಡೆಯಲಾರದೆ ಬಂದ ನೀರು. ಆಮೇಲೆ ಹೇಳಿದರು. ಅವು ದೊಡ್ಡಮನುಷ್ಯರ ಭಾವಚಿತ್ರಗಳಲ್ಲ, ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಬರುತ್ತಿದ್ದ ಲೇವಡಿ ಚಿತ್ರಗಳು. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ಕಾಗದಕ್ಕೆ ಒತ್ತಿ ತೆಗೆದ ಕಲ್ಲಚ್ಚು. ಮೊದಮೊದಲು ಆ ಚಿತ್ರಗಾರರು ತಮ್ಮ ದೊರೆಯನ್ನೂ ಮಂತ್ರಿಗಳನ್ನೂ ಆಡಿಕೊಳ್ಳುತ್ತಿದ್ದರಂತೆ. ಸರ್ಕಾರ ಬಾಯಿಗೆ ಬೀಗ ಹಾಕಿದ ಮೇಲೆ ಮನೆ, ಮೆಟ್ಟಿಲು, ಅಡಿಗೆಮನೆ, ಕಚೇರಿ, ಗಂಡ ಹೆಂಡತಿ, ಇವರ ಕಡೆ ತಿರುಗಿದರಂತೆ. ಆಗಿನ ಕಾದಂಬರಿಕಾರರೂ ಇದೇ ಜನರ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದರು. ಚಿತ್ರದವನು ಕಾದಂಬರಿಗೆ ಚಿತ್ರ ಬರೆದುಕೊಡುವುದು, ಬರೆಯುವವನು ಚಿತ್ರದ ಕೆಳಗಿನ ಮಾತು ಹೊಸೆದುಕೊಡುವುದು, ಹೀಗೆ ಇಬ್ಬರೂ ಒಂದೇ ಬೀದಿಯ ಮಾನ ಕಳೆಯುತ್ತಿದ್ದರು. ಬಾಡಿಗೆದಾರ, ಗುಮಾಸ್ತ, ಅಂಗಡಿಯವನು, ಒಂದೊಂದು ಜಾತಿಯ ಮನುಷ್ಯನ ಮೇಲೂ ಜೇಬಿನಲ್ಲಿಟ್ಟುಕೊಳ್ಳುವಷ್ಟು ಪುಟ್ಟ ಪುಸ್ತಕಗಳೇ ಬರುತ್ತಿದ್ದವಂತೆ. ಚಿತ್ರದ ಕೆಳಗೆ ಬರೆದದ್ದನ್ನು ಓದು, ಗೊತ್ತಾಗುತ್ತೆ ಎಂದರು.

ಅಪ್ಪ ಕಚೇರಿಗೆ ಹೋದ ಮೇಲೆ ಸ್ಟೂಲು ಹತ್ತಿ, ನಿಘಂಟು ಕಂಕುಳಲ್ಲಿಟ್ಟುಕೊಂಡು ಓದಿದೆ. ಅಯ್ಯೋ ದೇವರೇ! ಮುಖ್ಯ ನ್ಯಾಯಾಧೀಶರು ಒಬ್ಬ ವಕೀಲ. ಒಂದು ಕಣ್ಣಲ್ಲಿ ನೀರು, ಇನ್ನೊಂದು ಕಣ್ಣು ಕೋರ್ಟಿನ ಗಡಿಯಾರದ ಮೇಲೆ. ‘ನನ್ನ ಕಕ್ಷಿದಾರನ ಕಣ್ಣೀರು ಬತ್ತಿಹೋಗಿದೆ, ಆದ್ದರಿಂದ ಅವನ ಪರವಾಗಿ ನಾನು ಅಳುತ್ತಿದ್ದೇನೆ.’ ದಿವಾನರು ಮನೆ ಮಾಲೀಕ. ಮೆಟ್ಟಿಲ ಕೆಳಗೆ ಕೊಡೆ ಹಿಡಿದು ನಿಂತ ಬಾಡಿಗೆಯವನಿಗೆ ಹೇಳುತ್ತಿದ್ದಾನೆ, ‘ಸೂರು ಸೋರುತ್ತೆ ಅಂತೀರಿ, ಆ ನೀರಿಗೆ ನಾನು ಬೇರೆ ಬಾಡಿಗೆ ಕೇಳಿದೆನೇ?’ ಇನ್ನು ತತ್ತ್ವಜ್ಞಾನಿ. ಅವನು ಗುಮಾಸ್ತ. ನಿದ್ದೆ ಹೊಡೆಯುತ್ತಿದ್ದಾನೆ, ಸಾಹೇಬರಿಗೆ ಅವನ ಸಮಜಾಯಿಷಿ ಬೇರೆ. ‘ಮಹಾಸ್ವಾಮಿ, ನನ್ನ ಟೋಪಿ ಮೇಜಿನ ಮೇಲೆ ಬೆಳಗಿನಿಂದ ಎಚ್ಚರವಾಗಿಯೇ ಇದೆ.’ ನಮ್ಮಪ್ಪನ ಕೋಟು ಕಚೇರಿಯ ಕುರ್ಚಿಯ ಬೆನ್ನಿಗೆ ನೇತುಬಿದ್ದಿದ್ದರೆ ಅಪ್ಪ ಹಾಜರು ಎಂದು ಲೆಕ್ಕ, ಅವರು ಗಾಂಧಿನಗರದ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುತ್ತಿದ್ದರೂ. ಸ್ಟೂಲಿನ ಮೇಲೆ ನಿಂತೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನಿಗೆ ಹೇಳುವ ಮಾತೇ ಇಲ್ಲ. ಸಂಜೆ ಅವರು ಯಾರಿಗೋ ದಿವಾನರ ರಾಜನೀತಿ ವಿವರಿಸುವುದನ್ನು ಕೇಳುವ ಸುಖ ಯಾರಿಗುಂಟು?

ಆಮೇಲೆ ಕೊನೆಯ ಪಟಕ್ಕೆ ಬಂದೆ. ಅದು ಕಿಟಕಿಯ ಪಕ್ಕದ ಗೋಡೆಯ ಮೇಲಿತ್ತು. ಒಬ್ಬ ಹೆಂಗಸು ಮೇಜಿನ ಮುಂದೆ ಕೂತು ಬರೆಯುತ್ತಿದ್ದಾಳೆ. ಹಿಂದೆ ಅವಳ ಗಂಡ ಮಗುವನ್ನು ಎತ್ತಿಕೊಂಡು ಬೆಪ್ಪಾಗಿ ನಿಂತಿದ್ದಾನೆ, ಮಗು ಬಾಯಿ ತೆರೆದು ಅಳುತ್ತಿದೆ. ಅಮ್ಮನಿಗೆ ಈ ಪಟ ಎಲ್ಲಕ್ಕಿಂತ ಇಷ್ಟ. ಅವಳ ಪ್ರಕಾರ ಆ ಹೆಂಗಸು ಆ ಕಡೆಯವರ ಸರಸ್ವತಿ. ಸರಸ್ವತಿ ಪೂಜೆಯ ದಿನ ನನ್ನ ಪುಸ್ತಕಗಳನ್ನು ತಂದು ಅವಳ ಕೆಳಗೇ ಮಣೆ ಹಾಕಿ ಜೋಡಿಸಿದ್ದಳು. ನನಗೂ ಆ ಹೆಂಗಸಿನ ಮೇಲೆ ಅಕ್ಕರೆ ಇತ್ತು. ಕೆಳಗಿನ ಸಾಲು ಓದಿದೆ. ‘ಸ್ವಲ್ಪ ತಡೆಯಿರಿ, ಈ ಸಾಲು ಮುಗಿಯಲಿ, ಆಮೇಲೆ ಮಗು ಅಳಬಹುದು.’

ನಗು ಬರಲಿಲ್ಲ. ಅವಳ ಮೂಗು ಅಷ್ಟು ಉದ್ದ ಏಕಿದೆ, ಕೂದಲು ಏಕೆ ಹಾಗೆ ಕೆದರಿದೆ, ಬೆರಳಿಗೆ ಏಕೆ ಅಷ್ಟು ಮಸಿ, ಎಲ್ಲ ಆಗ ಕಂಡಿತು. ಓದುವ, ಬರೆಯುವ ಹೆಂಗಸರನ್ನು ಆಡಿಕೊಂಡು ನಗಲೆಂದೇ ಆಗ ಇಂಥ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದವು ಎಂದು ಮರುದಿನ ಮೇಡಂ ಹೇಳಿದರು, ಯಾಕೋ ನನ್ನ ಮುಖ ನೋಡದೆ. ವಕೀಲನ, ಮಾಲೀಕನ, ಗುಮಾಸ್ತನ ಮುಖವಾಡ ಕಿತ್ತು ಹಾಕಿದ ಇಂಥ ಜಾಣ ಚಿತ್ರಗಾರ, ಹೆಂಗಸಿನ ಕೈಗೆ ಲೇಖನಿ ಬಂದ ತಕ್ಷಣ ನಮ್ಮ ಬೀದಿಯ ಮುದುಕರ ಜೊತೆ ಜಗಲಿಯಲ್ಲಿ ಕೂತುಬಿಟ್ಟನಲ್ಲ! ಅವನು ನಮ್ಮ ಕಡೆಯವನು ಎಂದುಕೊಂಡಿದ್ದೆ. ತುಂಬಾ ನೋವಾಯಿತು. ಪಟ ಇಳಿಸಿ ಅಕ್ಕಿ ಪೆಟ್ಟಿಗೆಯ ಹಿಂದೆ ತುರುಕಿದೆ. ಶುಕ್ರವಾರ ಅದು ಮತ್ತೆ ಗೋಡೆಯ ಮೇಲೆ ಇತ್ತು, ಹಣೆಯ ಮೇಲೆ ಹೊಸ ಕುಂಕುಮದೊಂದಿಗೆ. ಪೂಜೆ ಮಾಡಿದ್ದನ್ನು ಮೂಲೆಗೆ ಹಾಕುತ್ತಾರೇನೇ ಎಂದು ಅಮ್ಮ ಬೈದಳು.

ದೀಪಾವಳಿ ಕಳೆಯಿತು. ಮಾರ್ಚಿಯಲ್ಲಿ ನನಗೆ ಕೊನೆಯ ಪರೀಕ್ಷೆ. ಅಷ್ಟರಲ್ಲಿ ಅಪ್ಪ ಒಂದು ಗಂಡು ಹುಡುಕಿಬಿಟ್ಟರು. ಜಾತಕ ಕೂಡಿದೆ, ಮಾಘದಲ್ಲೇ ಮದುವೆ, ಪರೀಕ್ಷೆ ಗಿರೀಕ್ಷೆ ಎಲ್ಲ ಆಮೇಲೆ ಅವರ ಮನೆಯವರ ಇಷ್ಟ ಎಂದರು. ಅವರ ಮನೆಯವರ ಇಷ್ಟ ಏನಿರುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಹೆರಿಗೆಗೆಂದು ಮನೆಗೆ ಬಂದಿದ್ದ ನಮ್ಮಕ್ಕ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗಲೇ ಇದೇ ಮಾತು ಕೇಳಿ ತಾಳಿ ಕಟ್ಟಿಸಿಕೊಂಡಿದ್ದಳು. ಅವಳ ಪುಸ್ತಕಗಳು ಅಟ್ಟದ ಮೇಲೆ ಇನ್ನೂ ಇದ್ದವು. ನಾನು ಅತ್ತೆ, ಊಟ ಬಿಟ್ಟೆ. ಅಪ್ಪ ಪೇಪರು ಓದಿದರು.

ಗಂಡಿನ ಕಡೆಯವರು ಭಾನುವಾರ ಬಂದರು. ಗಂಡಿನ ಅಪ್ಪ ರಿಟೈರಾದ ಸಬ್ ರಿಜಿಸ್ಟ್ರಾರು, ಕಾಟನ್‌ಪೇಟೆಯಲ್ಲಿ ಒಂದು ವಠಾರದ ಒಡೆಯರು. ಅವರ ಹೆಂಡತಿ ವಜ್ರದೋಲೆ ಹಾಕಿಕೊಂಡು, ಬಾಯಿ ಒಂದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಗಂಡು ಬ್ಯಾಂಕಿನವನು. ಅವನು ಕೇಸರಿಬಾತು ನೋಡಿದಷ್ಟು ಅಕ್ಕರೆಯಿಂದ ನನ್ನನ್ನು ನೋಡಲಿಲ್ಲ. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ. ಅಪ್ಪನಿಗೆ ಅವಮಾನವಾಯಿತು, ಅದನ್ನು ಮುಚ್ಚಲು ಎದೆ ಉಬ್ಬಿಸಿ, ‘ಫ್ರೆಂಚ್ ಓದ್ತಾಳೆ ಸಾರ್. ಈ ಗೋಡೆ ಮೇಲೆ ಇರೋದನ್ನೆಲ್ಲ ಪಟಪಟ ಅಂತ ಓದಿ ಅರ್ಥ ಹೇಳ್ತಾಳೆ’ ಎಂದರು. ಪಾಪ, ಅರ್ಥ ಏನೆಂದು ಅವರು ಅದುವರೆಗೆ ಒಂದು ದಿನವೂ ಕೇಳಿದವರಲ್ಲ.

ಸರಿ, ಓದಮ್ಮ ಎಂದರು ಸಬ್ ರಿಜಿಸ್ಟ್ರಾರು. ಅಲ್ಲಿಯವರೆಗೆ ಸತ್ತಂತಿದ್ದ ನನಗೆ ಆಗ ಜೀವ ಬಂತು. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು, ವಠಾರದ ಒಡೆಯರು ಮುಖ ಊದಿಸಿಕೊಂಡು ಏಳುತ್ತಾರೆ, ಸಂಬಂಧ ಮುರಿಯುತ್ತದೆ, ಪರೀಕ್ಷೆ ನನ್ನದು. ತಲೆ ತಗ್ಗಿಸಿಕೊಂಡೇ, ಮಹಾ ವಿನಯದಿಂದ, ವಕೀಲನನ್ನು ಓದಿ ಅರ್ಥ ಹೇಳಿದೆ. ಅಪ್ಪನ ಮುಖ ಬಿಳಿಚಿತು. ಸಬ್ ರಿಜಿಸ್ಟ್ರಾರು ತೊಡೆ ತಟ್ಟಿ ನಕ್ಕರು. ತಮ್ಮ ವಕೀಲ ಥೇಟ್ ಇವನೇ ಎಂದರು. ಮಾಲೀಕನನ್ನು ಓದಿದೆ, ಸೋರುವ ನೀರನ್ನೂ ಬಾಡಿಗೆಯನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೆಮ್ಮು ಬರುವ ಹಾಗೆ ನಕ್ಕು, ತಮ್ಮ ಷಡ್ಡಕನಿಗೆ ಒಂದು ವಠಾರ ಇದೆ, ಅವನದ್ದು ಇದೇ ಹೊಟ್ಟೆ, ಇದೇ ಮಾತು, ಟೋಪಿ ಒಂದಿಲ್ಲ ಅಷ್ಟೇ ಎಂದರು. ಗುಮಾಸ್ತನನ್ನು ಓದಿದೆ. ಅಷ್ಟು ಹೊತ್ತಿಗೆ ಅಪ್ಪನಿಗೂ ಧೈರ್ಯ ಬಂದಿತ್ತು. ತಮ್ಮ ಕಚೇರಿಯಲ್ಲಿ ಇಂಥವನೊಬ್ಬ ಇದ್ದಾನೆ, ಎರಡನೇ ಮೇಜಿನವನು ಎಂದು ಹೇಳಿ ಅವರೂ ಬಾಯ್ತುಂಬ ನಕ್ಕರು.

ನನ್ನ ಬಾಣಗಳೆಲ್ಲ ಹೀಗೆ ಪಕ್ಕದ ಮನೆಯವರಿಗೆ ತಗುಲಿದವು. ಆ ನಗುವನ್ನು ನೋಡಿದ ಮೇಲೆ ನನಗೆ ಲೇವಡಿ ಚಿತ್ರಗಳ ಬಲದ ಮೇಲೆ ದೊಡ್ಡ ಭ್ರಮೆ ಉಳಿದಿಲ್ಲ. ಪ್ಯಾರಿಸ್ಸಿನ ಮಾಲೀಕರೂ ಪತ್ರಿಕೆ ಬಿಡಿಸಿ ತಮ್ಮ ಷಡ್ಡಕರನ್ನು ನೆನೆದು ಹೀಗೇ ನಕ್ಕಿರಬೇಕು. ಸಂಬಂಧ ಮುರಿಯುವ ಬದಲು ಗಟ್ಟಿಯಾಗುತ್ತಿತ್ತು. ಇಷ್ಟು ರಸಿಕರ ಮನೆ ಎಂದು ಗೊತ್ತೇ ಇರಲಿಲ್ಲ ಎಂದು ಅವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಆಮೇಲೆ ಕಿಟಕಿಯ ಪಕ್ಕದ ಪಟಕ್ಕೆ ಕೈ ತೋರಿಸಿ, ಇದೊಂದು ಬಾಕಿ ಉಳಿಯಿತಲ್ಲ ಎಂದರು.

ಕಿಟಕಿಯ ಹತ್ತಿರ ಹೋಗಿ ನಿಂತೆ. ಓದಿದೆ. ಈ ಸಲ ಅವರು ಯಾವ ನೆಂಟರನ್ನೂ ನೆನೆಯಲಿಲ್ಲ. ಪಟ ನೋಡಿದರು, ನನ್ನನ್ನು ನೋಡಿದರು, ತಟ್ಟೆ ಕೆಳಗಿಟ್ಟರು.

‘ನೋಡಮ್ಮ, ಇದನ್ನೇ ನಾನು ಹೇಳೋದು. ಹೆಣ್ಣು ಪೆನ್ನು ಹಿಡಿದ್ರೆ ಗಂಡನ ಕೈಗೆ ಮಗು ಬರುತ್ತೆ. ಬಿಳಿಯೋರಿಗೂ ಗೊತ್ತಿತ್ತು. ನಿನ್ನ ಓದು ಇಷ್ಟಕ್ಕೇ ಸಾಕು. ಮಾಘದಲ್ಲಿ ಲಗ್ನ ಇಟ್ಕೊಳ್ಳೋಣ.’

ಅಪ್ಪ ತಲೆಯಾಡಿಸಿದರು. ಗಂಡು ಕೇಸರಿಬಾತಿನ ಗೋಡಂಬಿ ಹುಡುಕುತ್ತಿದ್ದ. ನನ್ನ ಬಿ.ಎ. ಒಂದು ಫ್ರೆಂಚ್ ಸಾಲಿನಲ್ಲಿ ಮುಗಿದುಹೋಗಿತ್ತು, ಅದೂ ನನ್ನ ಬಾಯಿಂದಲೇ ಓದಿಸಿ. ಕಣ್ಣು ತುಂಬಿ ಗೋಡೆ ಮಂಜಾಯಿತು.

ಆಗ ಅಡಿಗೆಮನೆಯ ಬಾಗಿಲ ಮರೆಯಿಂದ ಅಮ್ಮನ ದನಿ ಬಂತು. ಗಂಡಿನ ಕಡೆಯವರ ಮುಂದೆ ಅವಳು ಬಾಯಿ ಬಿಟ್ಟವಳೇ ಅಲ್ಲ. ಅವಳು ಜಗಳಕ್ಕೂ ಬಂದಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು.

‘ಅಲ್ಲ, ಅವನ ಕೈಗೆ ಮಗು ಬಂದ್ರೆ ಏನಾಯ್ತು? ಅದು ಅವನದೇ ಅಲ್ವಾ?’

ಆಮೇಲೆ ಒಂದು ಸದ್ದು ಕೇಳಿತು. ವಜ್ರದೋಲೆಯವರು, ಸಬ್ ರಿಜಿಸ್ಟ್ರಾರರ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತಡೆಯಲು ನೋಡಿದರು, ಆಗಲಿಲ್ಲ. ಸೆರಗು ಜಾರಿತು, ನಗು ಹೊರಗೆ ಬಂದುಬಿಟ್ಟಿತು. ಎಷ್ಟು ವರ್ಷದ್ದೋ ಏನೋ, ಬಿಕ್ಕಿ ಬಿಕ್ಕಿ ನಕ್ಕರು. ಅಷ್ಟು ಹೊತ್ತು ಎಲ್ಲರನ್ನೂ ನೋಡಿ ನಕ್ಕಿದ್ದ ಅವರ ಯಜಮಾನರು ಆ ಒಂದು ನಗು ನೋಡಿ ಕೆಂಪಾದರು. ಅದು ಷಡ್ಡಕನ ಮೇಲಿನ ನಗು ಅಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಾಯಿತು. ಕಾಫಿ ಮುಗಿಸದೆ ಎದ್ದರು. ಹೊರಡುವಾಗ ಆಕೆ ಕುಂಕುಮ ತೆಗೆದುಕೊಳ್ಳಲು ಅಡಿಗೆಮನೆಗೆ ಬಂದು, ಅಮ್ಮನ ಕೈಯನ್ನು ಒಂದು ಸಲ ಒತ್ತಿ ಹೋದರು.

ವಾರದೊಳಗೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಕೂಡಿದ್ದ ಗ್ರಹಗಳು ನಮ್ಮ ಉಪ್ಪಿಟ್ಟು ತಿಂದ ಮೇಲೆ ಜಾಗ ಬದಲಾಯಿಸಿದ್ದವು. ಅಪ್ಪನ ಸಿಟ್ಟು ಅಮ್ಮನ ಮೇಲೆ, ನನ್ನ ಮೇಲೆ, ಕೊನೆಗೆ ಫ್ರೆಂಚರ ಮೇಲೆ ಇಳಿಯಿತು. ಪಟಗಳನ್ನೆಲ್ಲ ಕಿತ್ತು ರದ್ದಿಯವನಿಗೆ ಹಾಕುತ್ತೇನೆಂದು ಹೊರಟರು. ಅಮ್ಮ ಅಡ್ಡ ಬಂದಳು. ಕುಂಕುಮ ಇಟ್ಟು ಪೂಜೆ ಮಾಡಿದ ಪಟವನ್ನು ರದ್ದಿಗೆ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ, ಹಾಕುವುದಾದರೆ ಅರಳಿಕಟ್ಟೆಗೆ ಹಾಕಿ ಬನ್ನಿ ಎಂದಳು. ಶಾಸ್ತ್ರ ಎಂದ ಮೇಲೆ ಅಪ್ಪನದು ಉಸಿರಿಲ್ಲ. ವಕೀಲ, ಮಾಲೀಕ, ಗುಮಾಸ್ತರನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಮಾಗಡಿ ರಸ್ತೆಯ ಅರಳಿಕಟ್ಟೆಯಲ್ಲಿ, ಒಡೆದ ಗಾಜಿನ ದೇವರುಗಳ ಪಕ್ಕ ಒರಗಿಸಿ ಬಂದರು. ಎಷ್ಟೋ ದಿನ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವಾಗ ಹೆಂಗಸರು ಅರಳಿಮರದ ಜೊತೆ ಅವರನ್ನೂ ಸುತ್ತುತ್ತಿದ್ದರು. ಸುತ್ತುತ್ತಿದ್ದವರೆಲ್ಲ ಹೆಚ್ಚಾಗಿ ಬಾಡಿಗೆ ಮನೆಯವರು. ಮಾಲೀಕ ಅಲ್ಲೂ ಅದೇ ಹೊಟ್ಟೆ ಬಿಟ್ಟುಕೊಂಡು ಪ್ರದಕ್ಷಿಣೆ ಹಾಕಿಸಿಕೊಳ್ಳುತ್ತಿದ್ದ.

ಕಿಟಕಿಯ ಪಕ್ಕದ ಪಟವನ್ನು ಮಾತ್ರ ಅಮ್ಮ ಕೊಡಲಿಲ್ಲ. ಅದು ಆ ಹೆಂಗಸನ್ನು ಆಡಿಕೊಳ್ಳಲೆಂದೇ ಬರೆದದ್ದು ಎಂದು ನಾನು ಬಿಡಿಸಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ನನ್ನಷ್ಟು ನೊಂದುಕೊಳ್ಳಲಿಲ್ಲ.

‘ಬರೆದೋನು ಯಾವತ್ತೂ ಮಗು ಎತ್ಕೊಂಡೋನಲ್ಲ ಕಣೇ. ಕುತ್ತಿಗೆ ಕೆಳಗೆ ಕೈಯೇ ಇಟ್ಟಿಲ್ಲ ನೋಡು. ಅದಕ್ಕೇ ಅಳ್ತಿದೆ.’

ಮಾರ್ಚಿ ಬಂತು. ಅಕ್ಕನ ಹೆರಿಗೆಯಾಗಿ ಮನೆಯಲ್ಲಿ ಎಳೆಗೂಸು ಇತ್ತು. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದರು. ಪರೀಕ್ಷೆಗೆ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೊದಲ ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ನಾನು ನಡುಮನೆಯ ಕಿಟಕಿಯ ಪಕ್ಕ ಕೂತು ಓದುತ್ತಿದ್ದೆ. ಅಕ್ಕ ಬಚ್ಚಲಲ್ಲಿ ಎಣ್ಣೆನೀರು ಹಾಕಿಕೊಳ್ಳುತ್ತಿದ್ದಳು. ಅಮ್ಮ ಒರಳಿನ ಮುಂದೆ, ಕೈತುಂಬ ಹಿಟ್ಟು. ಅಪ್ಪ ಈಸಿಚೇರಿನಲ್ಲಿ ಪೇಪರಿನ ಹಿಂದೆ. ತೊಟ್ಟಿಲಲ್ಲಿ ಮಗು ಎದ್ದು ಕಿರುಚತೊಡಗಿತು. ಪುಸ್ತಕ ಮುಚ್ಚಿ ಏಳಲು ಹೊರಟೆ. ಅದು ನನ್ನ ಕೆಲಸ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ನೀನು ಕೂತ್ಕೋ’ ಎಂದಳು ಅಮ್ಮ, ಒರಳು ತಿರುಗಿಸುವುದನ್ನು ನಿಲ್ಲಿಸದೆ. ‘ರೀ, ಮಗು ಅಳ್ತಾ ಇದೆ, ಎತ್ಕೊಳ್ಳಿ.’

ಪೇಪರು ಕೆಳಗಿಳಿಯಿತು. ಅಪ್ಪ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ತಲೆಯ ಮೇಲಿನ ಪಟವನ್ನು ನೋಡಿದರು. ತಮ್ಮ ಇಬ್ಬರು ಮಕ್ಕಳಲ್ಲಿ ಒಬ್ಬರನ್ನೂ ಅವರು ಅದುವರೆಗೆ ಎತ್ತಿಕೊಂಡಿರಲಿಲ್ಲ. ಎದ್ದು ಹೋಗಿ ತೊಟ್ಟಿಲಿಗೆ ಬಗ್ಗಿ, ಕಚೇರಿಯ ಫೈಲು ಎತ್ತುವ ಹಾಗೆ ಎರಡು ಕೈಯಲ್ಲಿ ಮಗುವನ್ನು ಎತ್ತಿದರು. ಮಗು ಇನ್ನೂ ಜೋರಾಗಿ ಅತ್ತಿತು. ನಡುಮನೆಯಲ್ಲಿ ಬೆಪ್ಪಾಗಿ ನಿಂತರು, ಥೇಟ್ ಆ ಫ್ರೆಂಚ್ ಗಂಡನೇ.

ನಾನು ಪುಸ್ತಕದೊಳಗೆ ಮುಖ ಹುದುಗಿಸಿದೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ.

‘ಕುತ್ತಿಗೆ ಕೆಳಗೆ ಕೈ ಇಡಿ’ ಎಂದಳು ಅಮ್ಮ.

ಅಪ್ಪ ಇಟ್ಟರು. ಮಗು ಸುಮ್ಮನಾಯಿತು. ನಾನು ಬಿಟ್ಟಿದ್ದ ಸಾಲನ್ನು ಮತ್ತೆ ಹಿಡಿದೆ.